ಇಳಿಯುವುದು ಎಲ್ಲಿ ಕಷ್ಟ, ಯಾಕೆ ಕಷ್ಟ

ಜಗತ್ತಿನ ಅಪಾಯಕಾರಿ ವಿಮಾನ ನಿಲ್ದಾಣಗಳು ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಕೆರಿಬಿಯನ್ ದ್ವೀಪ ಸಿಂಟ್ ಮಾರ್ಟೆನ್‌ನ ವಿಡಿಯೊಗಳು. ಮಾಹೋ ಬೀಚ್‌ನಲ್ಲಿ ಜನ ಮೊಬೈಲ್ ಎತ್ತಿ ಹಿಡಿದು ನಿಂತಿರುತ್ತಾರೆ, ಅವರ ತಲೆ ಸವರಿದ ಹಾಗೆ ಜೆಟ್ ಒಂದು ಬಂದು ಬೇಲಿಯಾಚೆ ಇಳಿಯುತ್ತದೆ. ನೋಡಿದರೆ ಮೈ ಜುಮ್ ಅನ್ನುತ್ತೆ, ನಿಜ. ಆದರೆ ಪೈಲಟ್ ಕೂತ ಜಾಗದಿಂದ ನೋಡಿ: ಸಮುದ್ರ ಮಟ್ಟದ ನಿಲ್ದಾಣ, ನೀರಿನ ಮೇಲಿಂದ ನೇರ ದಾರಿ, 2,300 ಮೀಟರ್ ರನ್‌ವೇ. ಬೋಯಿಂಗ್ 747 ಅನ್ನುವ ದೈತ್ಯ ಜೆಟ್ ಕೂಡ ಅಲ್ಲಿ ವರ್ಷಗಟ್ಟಲೆ ಇಳಿದಿದೆ. ಅಲ್ಲಿ ನಿಜವಾದ ಅಪಾಯ ಬೇಲಿ ಹಿಡಿದು ನಿಲ್ಲುವವರಿಗೆ. 2017ರಲ್ಲಿ ಟೇಕಾಫ್ ಆಗುತ್ತಿದ್ದ ವಿಮಾನದ ಎಂಜಿನ್ ಗಾಳಿಯ ಹೊಡೆತಕ್ಕೆ ಪ್ರವಾಸಿಯೊಬ್ಬರು ಸತ್ತರು.

ಹಾಗಾದರೆ ಕಷ್ಟದ ನಿಲ್ದಾಣ ಅಂದರೆ ಯಾವುದು? ರನ್‌ವೇ ಎಷ್ಟು ಚಿಕ್ಕದು, ಗುಡ್ಡ ಎಷ್ಟು ಹತ್ತಿರ ಅಂತ ಪಟ್ಟಿ ಮಾಡಿದರೆ ಉತ್ತರ ಸಿಗಲ್ಲ. ನಾನು ಕೇಳುವ ಪ್ರಶ್ನೆ ಒಂದೇ: ಏನೋ ಎಡವಟ್ಟಾಯಿತು ಅಂತ ಪೈಲಟ್‌ಗೆ ಅನ್ನಿಸಿದಾಗ, ಅದನ್ನು ಸರಿ ಮಾಡಿಕೊಳ್ಳಲು ಎಷ್ಟು ಜಾಗ, ಎಷ್ಟು ಸಮಯ, ಎಷ್ಟು ದಾರಿ ಉಳಿದಿದೆ?

ಇದು ಅರ್ಥವಾಗಲು ಮಾಮೂಲಿ ಲ್ಯಾಂಡಿಂಗ್ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ. ವಿಮಾನ ಸುಮಾರು 3 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ನಮ್ಮ ಕಣ್ಣಿಗೆ ಇದು ಇಳಿಜಾರು ಅಂತಲೇ ಅನ್ನಿಸದಷ್ಟು ಸೌಮ್ಯ. ನೆಲದಿಂದ 1,000 ಅಡಿ ಮೇಲೆ ಇರುವಾಗಲೇ ಎಲ್ಲ ಸರಿಹೋಗಿರಬೇಕು. ಚಕ್ರ ಕೆಳಗೆ ಬಂದಿರಬೇಕು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿದಿರಬೇಕು, ವೇಗ ಹದದಲ್ಲಿರಬೇಕು, ಮೂತಿ ರನ್‌ವೇ ಕಡೆಗಿರಬೇಕು. ಇದಕ್ಕೆ ಸ್ಟೆಬಿಲೈಸ್ಡ್ ಅಪ್ರೋಚ್ ಅನ್ನುತ್ತಾರೆ. ಇದರಲ್ಲಿ ಒಂದು ತಪ್ಪಿದರೂ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೇರಿ, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಅದೇ ಗೋ-ಅರೌಂಡ್.

ಇಳಿದ ಮೇಲಿನ ಲೆಕ್ಕವೂ ಹೀಗೇ ಉದಾರ. ಪ್ರಯಾಣಿಕರ ಜೆಟ್ ಹೊರಡುವ ಮೊದಲೇ ಲೆಕ್ಕ ಹಾಕುತ್ತಾರೆ: ತಲುಪುವ ಊರಿನ ರನ್‌ವೇ ಒಣಗಿದ್ದರೆ ಅದರ ಉದ್ದದ 60 ಶೇಕಡಾದೊಳಗೆ ವಿಮಾನ ನಿಲ್ಲುವಂತಿರಬೇಕು. ಒದ್ದೆಯಾಗಿದ್ದರೆ ಅದಕ್ಕೆ ಇನ್ನೂ 15 ಶೇಕಡಾ ಜಾಸ್ತಿ ಉದ್ದ ಬೇಕು. ಅಂದರೆ ಒಂದಿಷ್ಟು ತಪ್ಪು ಆಗಿಯೇ ಆಗುತ್ತದೆ ಅಂತ ಒಪ್ಪಿಕೊಂಡೇ ಈ ಇಡೀ ವ್ಯವಸ್ಥೆ ಕಟ್ಟಿದ್ದಾರೆ. ಕಷ್ಟದ ನಿಲ್ದಾಣಗಳು ಈ ಉಳಿಕೆಯನ್ನು ಒಂದೊಂದು ಕಡೆಯಿಂದ ತಿಂದುಹಾಕುತ್ತವೆ.

ಎಲ್ಲ ಕಡೆಯಿಂದಲೂ ತಿನ್ನುವುದು ನೇಪಾಳದ ಲುಕ್ಲಾ. ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ನಡೆಯುವವರಲ್ಲಿ ಹೆಚ್ಚಿನವರು ಇಲ್ಲಿಂದಲೇ ಹೊರಡುತ್ತಾರೆ. 1964ರಲ್ಲಿ ಎಡ್ಮಂಡ್ ಹಿಲರಿ ಮುಂದೆ ನಿಂತು ಕಟ್ಟಿಸಿದ್ದು. 2001ರವರೆಗೂ ಅದು ಮಣ್ಣಿನ ಪಟ್ಟಿ, ಆಮೇಲೆ ಡಾಂಬರು ಬಂತು. ಎತ್ತರ ಸುಮಾರು 2,850 ಮೀಟರ್. ರನ್‌ವೇ ಉದ್ದ 527 ಮೀಟರ್, ಅಷ್ಟೇ. ಅದೂ ಸಮತಟ್ಟಲ್ಲ, 11.7 ಶೇಕಡಾ ಏರು. ಲೆಕ್ಕ ಹಾಕಿದರೆ ಒಂದು ತುದಿಗಿಂತ ಇನ್ನೊಂದು ತುದಿ 60 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ! ಕೆಳಗಿನ ತುದಿಯಲ್ಲಿ ಆಳವಾದ ಕಣಿವೆ, ಮೇಲಿನ ತುದಿಯಲ್ಲಿ ಗೋಡೆ, ಅದರ ಹಿಂದೆ ಬೆಟ್ಟ. ಹಾಗಾಗಿ ಇಳಿಯುವವರು ಯಾವಾಗಲೂ ಏರಿನ ಕಡೆಗೆ ಇಳಿಯಬೇಕು, ಹೊರಡುವವರು ಯಾವಾಗಲೂ ಇಳಿಜಾರಿನ ಕಡೆಗೆ ಓಡಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದ್ದರೂ ಇದೇ ಕ್ರಮ.

ಈ ಏರು ಶಾಪ ಅಂತ ಅನ್ನಿಸಬಹುದು. ಅರ್ಧ ವರ ಅದು. ಇಳಿದ ವಿಮಾನವನ್ನು ಏರೇ ತಡೆದು ನಿಲ್ಲಿಸುತ್ತದೆ, ಹೊರಡುವಾಗ ಇಳಿಜಾರೇ ವೇಗ ಕೊಡುತ್ತದೆ. ಏರು ಇಲ್ಲದಿದ್ದರೆ 527 ಮೀಟರ್ ಸಾಕಾಗುವುದೇ ಅನುಮಾನ. ಆದರೆ ಇನ್ನರ್ಧ ಕಣ್ಣಿಗೆ ಮೋಸ. ಏರಾಗಿರುವ ರನ್‌ವೇಯನ್ನು ದೂರದಿಂದ ನೋಡಿದಾಗ ಪೈಲಟ್‌ಗೆ ತಾನು ತುಂಬಾ ಮೇಲಿದ್ದೇನೆ ಅನ್ನಿಸುತ್ತದೆ. ಕಣ್ಣನ್ನು ನಂಬಿ ಕೆಳಗಿಳಿದರೆ ರನ್‌ವೇಗಿಂತ ಮೊದಲೇ ಬಂಡೆ ಸಿಗುತ್ತದೆ. ಉಪಕರಣ ನೋಡಿಕೊಂಡು ಇಳಿಯುವ ವ್ಯವಸ್ಥೆ ಅಲ್ಲಿಲ್ಲ, ಕಣ್ಣೇ ಗತಿ. ಒಂದು ಹಂತ ದಾಟಿದ ಮೇಲೆ ಗೋ-ಅರೌಂಡ್ ಕೂಡ ಇಲ್ಲ, ಎದುರಿಗೆ ಬೆಟ್ಟ. 2008ರ ಅಕ್ಟೋಬರ್ 8ರಂದು ಯೇತಿ ಏರ್‌ಲೈನ್ಸ್‌ನ ಟ್ವಿನ್ ಆಟರ್ ಅನ್ನುವ ಚಿಕ್ಕ ವಿಮಾನ ಇಳಿಯುವ ಹೊತ್ತಿಗೆ ಮೋಡ ಮುಸುಕಿತು, ವಿಮಾನ ರನ್‌ವೇ ಅಂಚಿಗಿಂತ ಸ್ವಲ್ಪ ಕೆಳಗೆ ಬಡಿಯಿತು. ಒಳಗಿದ್ದ 19 ಜನರಲ್ಲಿ ಬದುಕಿದ್ದು ಕ್ಯಾಪ್ಟನ್ ಒಬ್ಬರೇ.

ಇದನ್ನೆಲ್ಲ ಓದಿದರೆ ಲುಕ್ಲಾಗೆ ಹೋಗುವುದೇ ಹುಚ್ಚು ಅನ್ನಿಸುತ್ತೆ ಅಲ್ವಾ? ಆದರೂ ಸೀಸನ್‌ನಲ್ಲಿ ದಿನಕ್ಕೆ ಹತ್ತಾರು ವಿಮಾನ ಇಳಿದು ಏರುತ್ತವೆ. ಯಾಕೆಂದರೆ ಅಲ್ಲಿ ಯಾರೂ ಮೈಮರೆಯುವುದಿಲ್ಲ. ಟ್ವಿನ್ ಆಟರ್, ಡಾರ್ನಿಯರ್ 228 ತರಹದ ಚಿಕ್ಕ ಜಾಗದಲ್ಲಿ ಇಳಿಯಲೆಂದೇ ಮಾಡಿದ ವಿಮಾನಗಳು ಮಾತ್ರ ಹೋಗುತ್ತವೆ. ಕ್ಯಾಪ್ಟನ್ ಇಂಥ ಕಿರು ರನ್‌ವೇಗಳಲ್ಲಿ ಕನಿಷ್ಠ 100 ಸಲ ಹಾರಾಟ ನಡೆಸಿರಬೇಕು, ಲುಕ್ಲಾಗೇ 10 ಸಲ ತರಬೇತುದಾರರ ಜತೆ ಹೋಗಿರಬೇಕು. ಮಧ್ಯಾಹ್ನದ ಹೊತ್ತಿಗೆ ಗಾಳಿ, ಮೋಡ ಏಳುವುದರಿಂದ ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ ಹಾರುತ್ತವೆ. ಕಣಿವೆ ಮುಚ್ಚಿಕೊಂಡರೆ ಪ್ರಯಾಣಿಕರು ದಿನಗಟ್ಟಲೆ ಕಾಯುತ್ತಾರೆ, ಗೊಣಗುತ್ತಾರೆ, ಮತ್ತೆ ಕಾಯುತ್ತಾರೆ.

ಇದೇ ಜಾತಿಯ ಇನ್ನೂ ಕೆಲವು ಇವೆ. ಫ್ರಾನ್ಸ್‌ನ ಕುರ್ಶೆವೆಲ್ ಸ್ಕೀ ಊರಿನ ರನ್‌ವೇ 537 ಮೀಟರ್, ಏರು ಲುಕ್ಲಾಗಿಂತ ಜಾಸ್ತಿ, 18.5 ಶೇಕಡಾ. ಕೆರಿಬಿಯನ್‌ನ ಸೇಂಟ್ ಬಾರ್ಟ್ಸ್‌ನಲ್ಲಿ 650 ಮೀಟರ್. ಅಲ್ಲಿ ರಸ್ತೆ ಹಾದುಹೋಗುವ ಗುಡ್ಡದ ನೆತ್ತಿಯನ್ನು ಸವರಿಕೊಂಡು ಧುಮುಕಿ ಇಳಿಯಬೇಕು, ನಿಲ್ಲದಿದ್ದರೆ ಮುಂದೆ ಬೀಚು. ಪಕ್ಕದ ಸಾಬಾ ದ್ವೀಪದ್ದು ಬರೀ 400 ಮೀಟರ್, ಎರಡು ತುದಿಯಲ್ಲೂ ಸಮುದ್ರಕ್ಕಿಳಿಯುವ ಪ್ರಪಾತ. ಇವೆಲ್ಲ ಫೋಟೊಗೆ ಚೆನ್ನ. ಆದರೆ ಇಲ್ಲಿ ಹಾರುವುದು ಚಿಕ್ಕ ವಿಮಾನಗಳು, ವಿಶೇಷ ಅನುಮತಿ ಇರುವ ಪೈಲಟ್‌ಗಳು.

ಉದ್ದದ ರನ್‌ವೇ ಇದ್ದರೂ ಕಷ್ಟವಾಗಬಹುದೇ? ಆಗಬಹುದು. ಬೊಲಿವಿಯಾದ ಲಾ ಪಾಜ್ ಊರಿನ ಎಲ್ ಆಲ್ಟೊ ನಿಲ್ದಾಣ 4,061 ಮೀಟರ್ ಎತ್ತರದಲ್ಲಿದೆ. ರನ್‌ವೇ 4,000 ಮೀಟರ್. ಅಷ್ಟು ಉದ್ದ ಯಾಕೆ? ಅಲ್ಲಿ ಗಾಳಿ ತೆಳು, ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ತೆಳು ಗಾಳಿಯಲ್ಲಿ ರೆಕ್ಕೆಗೆ ಅದೇ ಎತ್ತುವ ಬಲ ಸಿಗಬೇಕಾದರೆ ಜೋರಾಗಿ ಹೋಗಬೇಕು. ಸಮುದ್ರ ಮಟ್ಟದಲ್ಲಿ ಗಂಟೆಗೆ 260 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ ಜೆಟ್ ಅಲ್ಲಿ ಹೆಚ್ಚುಕಡಿಮೆ 320 ಕಿ.ಮೀ. ವೇಗದಲ್ಲಿ ಮುಟ್ಟುತ್ತದೆ. ತಮಾಷೆ ಏನೆಂದರೆ ಪೈಲಟ್ ಮುಂದಿರುವ ವೇಗದ ಮಾಪಕ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತದೆ, ಯಾಕೆಂದರೆ ಅದು ಅಳೆಯುವುದು ಗಾಳಿಯ ಒತ್ತಡವನ್ನು. ವೇಗ ಅಷ್ಟು ಹೆಚ್ಚಾದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟು ಆಗುತ್ತದೆ. ಇನ್ನು ಗೋ-ಅರೌಂಡ್ ಮಾಡಬೇಕಾದರೆ? ಎಂಜಿನ್‌ಗೂ ಅದೇ ತೆಳು ಗಾಳಿ. ಚೀನಾದ ದಾವ್‌ಚೆಂಗ್ ಯಾದಿಂಗ್ ಇದಕ್ಕಿಂತಲೂ ಮೇಲೆ, 4,411 ಮೀಟರ್ ಎತ್ತರದಲ್ಲಿದೆ.

ಇನ್ನೊಂದು ಬಗೆಯ ಕಷ್ಟ ದಾರಿಯದ್ದು. ರನ್‌ವೇ ಸರಿಯಾಗಿಯೇ ಇದೆ, ಆದರೆ ನೇರವಾಗಿ ಬರಲು ಗುಡ್ಡ ಬಿಡುವುದಿಲ್ಲ. ಇದಕ್ಕೆ ಹಾಂಗ್‌ಕಾಂಗ್‌ನ ಹಳೆಯ ಕಾಯ್ ಟಾಕ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1998ರ ಜುಲೈನಲ್ಲಿ ಅದು ಮುಚ್ಚಿತು, ಆದರೂ ಹಳೆಯ ಪೈಲಟ್‌ಗಳು ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ಸಾಮಾನ್ಯವಾಗಿ ದೊಡ್ಡ ನಿಲ್ದಾಣಗಳಲ್ಲಿ ರೇಡಿಯೊ ಸಂಕೇತ ವಿಮಾನವನ್ನು ರನ್‌ವೇಗೆ ಕರೆದುಕೊಂಡು ಹೋಗುತ್ತದೆ. ಕಾಯ್ ಟಾಕ್‌ನ 13 ಅನ್ನುವ ರನ್‌ವೇಯಲ್ಲಿ ಮಾತ್ರ ಅದು ಗುಡ್ಡದ ಕಡೆಗೆ ಕರೆದೊಯ್ಯುತ್ತಿತ್ತು, ಬೇಕಂತಲೇ! ಗುಡ್ಡದ ಮೇಲೆ ದೊಡ್ಡ ಚೌಕಳಿ ಬಣ್ಣ ಬಳಿದಿದ್ದರು. ಚೌಕಳಿ ಕಣ್ಣಿಗೆ ಬಿದ್ದ ಮೇಲೆ ಆಟೊಪೈಲಟ್ ಬಿಟ್ಟು, ಕೈಯಲ್ಲೇ ಬಲಕ್ಕೆ 47 ಡಿಗ್ರಿ ತಿರುಗಿಸಬೇಕು. ಕೆಳಗೆ ಕೌಲೂನ್‌ನ ವಸತಿ ಕಟ್ಟಡಗಳು, ದಾರಿ ತೋರಿಸಲು ಅವುಗಳ ಮೇಲೆ ಮಿನುಗುವ ದೀಪಗಳು. ರೆಕ್ಕೆ ಮತ್ತೆ ಸಮವಾಗುವ ಹೊತ್ತಿಗೆ ನೆಲ 150 ಅಡಿಯಷ್ಟೇ ಕೆಳಗೆ. ಸಾವಿರ ಅಡಿಯಲ್ಲಿ ಎಲ್ಲ ಸರಿಯಾಗಿರಬೇಕು ಅಂತ ಮೇಲೆ ಹೇಳಿದೆನಲ್ಲ, ಅದರ ಜತೆ ಇದನ್ನು ಇಟ್ಟು ನೋಡಿ. ಅದೂ 747ರಂಥ ವಿಮಾನದಲ್ಲಿ, ಅಡ್ಡಗಾಳಿಯಲ್ಲಿ.

ಈಗಲೂ ನಡೆಯುತ್ತಿರುವ ಇಂಥದ್ದು ಭೂತಾನ್‌ನ ಪಾರೊ. 2,200 ಮೀಟರ್‌ಗಿಂತ ಮೇಲಿರುವ ಕಣಿವೆ, ಸುತ್ತ 5,500 ಮೀಟರ್‌ವರೆಗಿನ ಶಿಖರಗಳು. ಏರ್‌ಬಸ್ ಎ319 ಕಣಿವೆಯೊಳಗೆ ಬೆಟ್ಟದ ಮಗ್ಗುಲಲ್ಲಿ ಬಾಗಿ ಬಾಗಿ ಬರುತ್ತದೆ, ರನ್‌ವೇ ಕಾಣಿಸುವುದು ಕೊನೇ ಗಳಿಗೆಯಲ್ಲಿ. ಹಗಲು ಹೊತ್ತು, ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಾಣುವಾಗ ಮಾತ್ರ. ಇದಕ್ಕೆಂದೇ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಮಾತ್ರ ಅನುಮತಿ.

ಗುಡ್ಡವಾದರೂ ಕಣ್ಣಿಗೆ ಕಾಣುತ್ತದೆ. ಗಾಳಿ ಕಾಣುವುದಿಲ್ಲ, ಅದಕ್ಕೇ ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕೆಟ್ಟದ್ದು. ಹೊಳೆಯ ನೀರು ಬಂಡೆಗೆ ಬಡಿದು ಹಿಂದೆ ಸುಳಿ ಸುತ್ತುವುದನ್ನು ನೋಡಿರುತ್ತೀರಿ. ಬೆಟ್ಟ ದಾಟಿ ಬಂದ ಗಾಳಿಯೂ ಹಾಗೇ ಸುಳಿಯಾಗುತ್ತದೆ. ಒಂದು ಕ್ಷಣ ಎದುರುಗಾಳಿ, ಮರುಕ್ಷಣ ಅದೇ ಇಲ್ಲ. ರೆಕ್ಕೆಯ ಮೇಲೆ ಹರಿಯುವ ಗಾಳಿ ಹಠಾತ್ತಾಗಿ ಕಮ್ಮಿಯಾದರೆ ವಿಮಾನ ಕುಸಿಯುತ್ತದೆ. ಇದೇ ವಿಂಡ್ ಶಿಯರ್.

ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದ ಕತೆ ಇದಕ್ಕೆ ಸರಿಯಾದ ಪಾಠ. ಬ್ರಿಟನ್ ಸುಮಾರು 28.5 ಕೋಟಿ ಪೌಂಡ್ ಖರ್ಚು ಮಾಡಿ ಅಲ್ಲಿ ನಿಲ್ದಾಣ ಕಟ್ಟಿತು. 2016ರ ಏಪ್ರಿಲ್‌ನಲ್ಲಿ ಬೋಯಿಂಗ್ 737 ಜೆಟ್ ಒಂದನ್ನು ಪರೀಕ್ಷೆಗೆ ಕಳಿಸಿದಾಗ, ಸಮುದ್ರದ ಅಂಚಿನ ಬಂಡೆಗಳ ಬಳಿ ವಿಂಡ್ ಶಿಯರ್ ಎಷ್ಟು ಜೋರು ಅಂತ ಗೊತ್ತಾಯಿತು. ಉದ್ಘಾಟನೆ ಮುಂದಕ್ಕೆ ಹೋಯಿತು, ಪತ್ರಿಕೆಗಳು ಹೀಗಳೆದವು. ಕೊನೆಗೆ 2017ರ ಅಕ್ಟೋಬರ್‌ನಲ್ಲಿ ಚಿಕ್ಕ ಎಂಬ್ರೇರ್ 190 ವಿಮಾನ, ಅದೂ ಕೆಲವು ಸೀಟು ಖಾಲಿ ಬಿಟ್ಟುಕೊಂಡು, ಪ್ರಯಾಣಿಕರನ್ನು ಕರೆತಂದಿತು. ಗಾಳಿ ಏನೂ ಬದಲಾಗಲಿಲ್ಲ, ವಿಮಾನ ಬದಲಾಯಿತು.

ಪೋರ್ಚುಗಲ್‌ನ ಮಡೇರಾ ದ್ವೀಪದಲ್ಲಿ ಎರಡೂ ಸೇರಿಕೊಂಡಿವೆ, ಗಾಳಿಯೂ, ಜಾಗದ ಕೊರತೆಯೂ. 1964ರಲ್ಲಿ ಶುರುವಾದಾಗ ಅಲ್ಲಿ 1,600 ಮೀಟರ್ ರನ್‌ವೇ ಇತ್ತು. 1977ರ ನವೆಂಬರ್ 19ರ ರಾತ್ರಿ ಮಳೆಯಲ್ಲಿ ಟಿಎಪಿ ಸಂಸ್ಥೆಯ ಬೋಯಿಂಗ್ 727 ಜೆಟ್ ಎರಡು ಸಲ ಇಳಿಯಲಾಗದೆ, ಮೂರನೇ ಪ್ರಯತ್ನದಲ್ಲಿ ತಡವಾಗಿ ನೆಲ ಮುಟ್ಟಿ, ರನ್‌ವೇ ದಾಟಿ ಕೆಳಗೆ ಬಿತ್ತು. 131 ಜನ ಸತ್ತರು. ಆಮೇಲೆ ಉದ್ದ ಮಾಡಿದರು, 2000ನೇ ಇಸವಿಯ ಹೊತ್ತಿಗೆ 2,781 ಮೀಟರ್. ನೆಲ ಇಲ್ಲದ ಕಡೆ ಸಮುದ್ರದಂಚಿನಲ್ಲಿ ಸುಮಾರು 70 ಮೀಟರ್ ಎತ್ತರದ 180 ಕಂಬ ನಿಲ್ಲಿಸಿ ಅದರ ಮೇಲೆ ರನ್‌ವೇ ಹಾಸಿದರು. ಗಾಳಿಗೆ ಮಾತ್ರ ಕಂಬ ಹಾಕಲಾಗುವುದಿಲ್ಲ. ಅದಕ್ಕೆ ಗಾಳಿಯ ಮಿತಿಯನ್ನು ಕಡ್ಡಾಯ ಮಾಡಿದ್ದಾರೆ. ಮಿತಿ ದಾಟಿದರೆ ಇಳಿಯುವಂತಿಲ್ಲ, ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೋ ಇನ್ನೆಲ್ಲಿಗೋ ಹೋಗಬೇಕು.

ಈಗ ನನಗೆ ಮುಖ್ಯ ಅನ್ನಿಸುವ ಭಾಗಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದು ಹೆಸರು ಕೆಟ್ಟ ನಿಲ್ದಾಣಗಳು. ಆದರೆ ಇತ್ತೀಚಿನ ದಶಕಗಳಲ್ಲಿ ಇಳಿಯುವಾಗ ದೊಡ್ಡ ಸಂಖ್ಯೆಯಲ್ಲಿ ಜನ ಸತ್ತ ಎಷ್ಟೋ ಕಡೆ ದಿನವೂ ಮಾಮೂಲಾಗಿ ಜೆಟ್‌ಗಳು ಇಳಿಯುತ್ತಿದ್ದವು. ಮಂಗಳೂರು ತೆಗೆದುಕೊಳ್ಳಿ. ಗುಡ್ಡದ ತಲೆ ಸವರಿ ಮಾಡಿದ ಟೇಬಲ್‌ಟಾಪ್ ರನ್‌ವೇ, ಆಚೆ ಈಚೆ ಕಮರಿ. ಆದರೂ ಉದ್ದ 2,450 ಮೀಟರ್, 737ಗೆ ಧಾರಾಳ ಸಾಕು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು ಅಂತ ತನಿಖೆ ಹೇಳಿತು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು, ಜೋರಾಗಿತ್ತು. ಕೋ-ಪೈಲಟ್ ಮೂರು ಸಲ ಗೋ-ಅರೌಂಡ್ ಅಂದರು. ಕ್ಯಾಪ್ಟನ್ ಇಳಿಸಿದರು, ರನ್‌ವೇ ಶುರುವಾಗಿ 5,200 ಅಡಿ ಕಳೆದ ಮೇಲೆ. ಅಂದರೆ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಆಗಲೇ ಮುಗಿದಿತ್ತು. 158 ಜನ ಸತ್ತರು, 8 ಜನ ಬದುಕಿದರು.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್. ಅದೂ ಟೇಬಲ್‌ಟಾಪ್, ಅಲ್ಲಿ ಮಳೆ ಸುರಿಯುತ್ತಿತ್ತು. ಒಂದು ಪ್ರಯತ್ನ ಬಿಟ್ಟು ಎದುರು ತುದಿಯಿಂದ ಬಂದಾಗ ಗಾಳಿ ಬೆನ್ನಿಗಿತ್ತು. ಬೆನ್ನಿನ ಗಾಳಿ ಅಂದರೆ ನೆಲದ ಮೇಲಿನ ವೇಗ ಇನ್ನಷ್ಟು ಜಾಸ್ತಿ. ವಿಮಾನ ನೆಲ ಮುಟ್ಟಿದ್ದು ರನ್‌ವೇಯ ನಡುಮಧ್ಯದಲ್ಲಿ. ಅಲ್ಲೂ ಕೋ-ಪೈಲಟ್ ಗೋ-ಅರೌಂಡ್ ಅಂದಿದ್ದರು. 21 ಜನ ಸತ್ತರು.

ಎರಡು ಅಪಘಾತಗಳಲ್ಲೂ ತಪ್ಪು ಶುರುವಾಗಿದ್ದು ಆಕಾಶದಲ್ಲಿ. ಟೇಬಲ್‌ಟಾಪ್ ಮಾಡಿದ್ದೇನೆಂದರೆ ಆ ತಪ್ಪಿನ ಬೆಲೆ ಹೆಚ್ಚಿಸಿದ್ದು. ಬಯಲು ಸೀಮೆಯಲ್ಲಾಗಿದ್ದರೆ ರನ್‌ವೇ ದಾಟಿ ಹುಲ್ಲಿನಲ್ಲಿ ಚಕ್ರ ಹೂತುಹೋಗಿ ಸುದ್ದಿಯಾಗುತ್ತಿದ್ದ ಘಟನೆ, ಅಲ್ಲಿ ಕಮರಿಗೆ ಬಿದ್ದ ಘಟನೆ ಆಯಿತು. ಕಮರಿಯ ಜಾಗದಲ್ಲಿ ಊರಿದ್ದರೂ ಅಷ್ಟೇ. ಹೊಂಡುರಾಸ್‌ನ ತೊಂಕೊಂತಿನ್ ನಿಲ್ದಾಣದಲ್ಲಿ 2008ರಲ್ಲಿ ಏರ್‌ಬಸ್ ಎ320 ಒಂದು ಒದ್ದೆ ರನ್‌ವೇ ದಾಟಿ ಬೀದಿಗೆ ಬಿತ್ತು, ಸತ್ತ 5 ಜನರಲ್ಲಿ ಇಬ್ಬರು ಕೆಳಗಿದ್ದವರು. ಬ್ರೆಜಿಲ್‌ನ ಸಾವೊ ಪಾಲೊದ ಕಾಂಗೊನ್ಯಾಸ್ ನಿಲ್ದಾಣದಲ್ಲಿ 2007ರ ಜುಲೈ 17ರಂದು ಟಿಎಎಂ ವಿಮಾನ ನಿಲ್ಲದೆ ಮುಖ್ಯರಸ್ತೆ ದಾಟಿ ಕಟ್ಟಡಕ್ಕೆ ನುಗ್ಗಿ 199 ಜನ ಸತ್ತರು. ಆ ರನ್‌ವೇಗೆ ಹೊಸದಾಗಿ ಡಾಂಬರು ಹಾಕಿದ್ದರು, ಆದರೆ ನೀರು ಹರಿದುಹೋಗಲು ಅಡ್ಡಗೀರು ಇನ್ನೂ ಕೊರೆದಿರಲಿಲ್ಲ. ಜತೆಗೆ ಒಂದು ಎಂಜಿನ್ನಿನ ಥ್ರಾಟಲ್, ಅಂದರೆ ಅದರ ಶಕ್ತಿ ಹೆಚ್ಚು ಕಮ್ಮಿ ಮಾಡುವ ಹಿಡಿ, ಹಿಂದಕ್ಕೆ ಎಳೆಯದೇ ಉಳಿದಿತ್ತು.

ಇದಕ್ಕೆ ಪರಿಹಾರ ಇದೆಯಾ? ಒಂದಿಷ್ಟು ಇದೆ. ರನ್‌ವೇ ಪಟ್ಟಿಯ ಆಚೆ ಕನಿಷ್ಠ 90 ಮೀಟರ್, ಸಾಧ್ಯವಾದರೆ 240 ಮೀಟರ್ ಸುರಕ್ಷಿತ ಜಾಗ ಬಿಡಿ ಅಂತ ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ. ಅಷ್ಟು ಜಾಗ ಇಲ್ಲದ ಕಡೆ ಇಮಾಸ್ ಅನ್ನುವ ಹಾಸು ಹಾಕುತ್ತಾರೆ. ಹಗುರವಾದ, ಒತ್ತಿದರೆ ಪುಡಿಯಾಗುವ ಸಿಮೆಂಟ್ ಇಟ್ಟಿಗೆಗಳು ಅವು. ವಿಮಾನದ ಚಕ್ರ ಅದರೊಳಗೆ ಹೂತುಕೊಂಡು ನಿಲ್ಲುತ್ತದೆ. ನ್ಯೂಯಾರ್ಕ್‌ನ ಜೆಎಫ್‌ಕೆಯಲ್ಲಿ 2005ರಲ್ಲಿ ಸರಕಿನ 747 ಅನ್ನೇ ಅದು ಹಿಡಿದು ನಿಲ್ಲಿಸಿತು. ಗುಡ್ಡಗಳ ನಡುವಿನ ದಾರಿಗೆ ಉಪಗ್ರಹ ಸಹಾಯ ಬಂದಿದೆ. ಅಲಾಸ್ಕಾದ ಜೂನೊದಲ್ಲಿ 1996ರಲ್ಲೇ ಶುರುವಾದ ಈ ವಿಧಾನದಲ್ಲಿ ವಿಮಾನ ಬಾಗಿದ ದಾರಿಯನ್ನೂ ಕರಾರುವಾಕ್ಕಾಗಿ ಹಿಡಿಯುತ್ತದೆ. ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್‌ನಲ್ಲಿ ಇದರಿಂದಾಗಿಯೇ 2016ರಿಂದ ರಾತ್ರಿಯೂ ಇಳಿಯುತ್ತಾರೆ. ಹೊಂಡುರಾಸ್ ಅಂತೂ ಬೇಸತ್ತು, ಹೆಚ್ಚಿನ ಅಂತಾರಾಷ್ಟ್ರೀಯ ವಿಮಾನಗಳನ್ನು ಪಾಲ್ಮೆರೋಲಾ ಅನ್ನುವ ಬೇರೆ ನಿಲ್ದಾಣಕ್ಕೇ ಕಳಿಸಿತು.

ಕಾಕ್‌ಪಿಟ್‌ನೊಳಗಿನ ಹಟಕ್ಕೆ ಮಾತ್ರ ಇಟ್ಟಿಗೆ ಹಾಸಲಾಗುವುದಿಲ್ಲ. ವಿಮಾನ ಸುರಕ್ಷತೆಗೆಂದೇ ಇರುವ ಫ್ಲೈಟ್ ಸೇಫ್ಟಿ ಫೌಂಡೇಶನ್ ಅನ್ನುವ ಸಂಸ್ಥೆ ಈ ಬಗ್ಗೆ ಅಧ್ಯಯನ ಮಾಡಿದಾಗ ಸಿಕ್ಕಿದ್ದು ಬೆಚ್ಚಿಬೀಳಿಸುವ ಲೆಕ್ಕ: ನೂರರಲ್ಲಿ ಮೂರು ನಾಲ್ಕು ಲ್ಯಾಂಡಿಂಗ್‌ಗಳು ಹದ ತಪ್ಪಿ ಶುರುವಾಗುತ್ತವೆ, ಹಾಗೆ ಹದ ತಪ್ಪಿದವರಲ್ಲಿ 97 ಶೇಕಡಾ ಪೈಲಟ್‌ಗಳು ಗೋ-ಅರೌಂಡ್ ಮಾಡದೆ ಇಳಿಸಿಯೇ ಬಿಡುತ್ತಾರೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ, ಅದೇ ತೊಂದರೆ. ಏನೂ ಆಗದೇ ಇದ್ದದ್ದು ಅಭ್ಯಾಸವಾಗುತ್ತದೆ. ಹಾಗಾಗಿ ಈಗ ಎಷ್ಟೋ ಏರ್‌ಲೈನ್‌ಗಳಲ್ಲಿ ಇಬ್ಬರಲ್ಲಿ ಯಾರೇ ಗೋ-ಅರೌಂಡ್ ಅಂದರೂ, ಕಿರಿಯ ಕೋ-ಪೈಲಟ್ ಅಂದರೂ, ಮೇಲಕ್ಕೆ ಹೋಗಲೇಬೇಕು, ಅದಕ್ಕೆ ಯಾರಿಗೂ ಶಿಕ್ಷೆ ಇಲ್ಲ ಅಂತ ನಿಯಮ ಮಾಡಿದ್ದಾರೆ. ಪ್ರಯಾಣಿಕರಿಗೆ ಅದು ಹೇಗೆ ಗೊತ್ತಾಗುತ್ತದೆ ಅಂದರೆ, ಇನ್ನೇನು ನೆಲ ಬಂತು ಅನ್ನುವಾಗ ಎಂಜಿನ್ ಗುಡುಗುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ಕಿಟಕಿಯಲ್ಲಿ ಕಟ್ಟಡಗಳು ಮತ್ತೆ ಚಿಕ್ಕದಾಗುತ್ತವೆ. ಪೈಲಟ್ ಏನಾದರೂ ಹೇಳಲು ಒಂದೆರಡು ನಿಮಿಷ ಬೇಕಾಗುತ್ತದೆ, ಆ ಹೊತ್ತಿನಲ್ಲಿ ಇಬ್ಬರಿಗೂ ಕೈತುಂಬ ಕೆಲಸ ಇರುತ್ತದೆ.